ಎತ್ತಿನ ಹಿಮ್ಮಡಿಯಿಂದ ಕಂದು ಕುಬ್ಜದವರೆಗೆ

ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆಯುವಾಗ ಹಿಂಗಾಲನ್ನು ಒಮ್ಮೆ ಮುಟ್ಟಿ ನೋಡಿ. ನಡುವೆ ಹಿಂದಕ್ಕೆ ಚಾಚಿದ ಒಂದು ಕೀಲು ಸಿಗುತ್ತದೆ. ಹಾವೇರಿ ಕಡೆಯ ನಮ್ಮ ಹಳ್ಳಿಯಲ್ಲಿ ಸಣ್ಣಂದಿನಿಂದ ಅದನ್ನು ಮೊಣಕಾಲು ಅಂತಲೇ ತಿಳಿದಿದ್ದೆ. ಧಾರವಾಡದಲ್ಲಿ ಬಿಎಸ್ಸಿ ಓದುವಾಗ ಮೇಜಿನ ಮೇಲೆ ಎಲುಬುಗಳನ್ನು ಸಾಲಾಗಿ ಇಟ್ಟು ತೋರಿಸಿದರು. ಆಗ ಗೊತ್ತಾಯಿತು, ಅದು ಹಿಮ್ಮಡಿ! ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಹತ್ತಿರ ಇದೆ. ಸೀಳಿದ ಗೊರಸು ಅಂದರೆ ಮೂರನೆಯ ಮತ್ತು ನಾಲ್ಕನೆಯ ಬೆರಳು. ಎತ್ತು ಜೀವನವಿಡೀ ತುದಿಬೆರಳಲ್ಲೇ ನಡೆಯುತ್ತದೆ.

ಹೀಗೆ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಹಳೆಯದು. 1555ರಲ್ಲಿ ಫ್ರಾನ್ಸಿನ ಪಿಯೆರ್ ಬೆಲೋನ್ ಮನುಷ್ಯನ ಮತ್ತು ಹಕ್ಕಿಯ ಅಸ್ಥಿಪಂಜರವನ್ನು ಒಟ್ಟಿಗೆ ಚಿತ್ರಿಸಿ, ಎಲುಬಿಗೆ ಎಲುಬು ಹೊಂದಿಸಿದ. 1843ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವನ್ ಒಂದು ಮುಖ್ಯ ಗೆರೆ ಎಳೆದ. ಬಾವಲಿಯ ರೆಕ್ಕೆ, ಚಿಟ್ಟೆಯ ರೆಕ್ಕೆ ಎರಡೂ ಹಾರಲಿಕ್ಕೇ ಇವೆ, ಆದರೆ ಬರೀ ಕೆಲಸ ಒಂದೇ. ಬಾವಲಿಯ ರೆಕ್ಕೆಗೂ ನಮ್ಮ ಕೈಗೂ ಎಲುಬಿನ ಜೋಡಣೆಯೇ ಒಂದು. ಮೇಲ್ನೋಟಕ್ಕೆ ಒಂದೇ ಥರ ಕಂಡದ್ದೆಲ್ಲ ಒಂದೇ ಅಲ್ಲ.

ಇದೇ ಪಾಠವನ್ನು ಖಗೋಳ ವಿಜ್ಞಾನಿಗಳು ಮತ್ತೆ ಕಲಿಯಬೇಕಾಯಿತು. 1960ರ ದಶಕದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಶಿವ ಎಸ್. ಕುಮಾರ್ ಲೆಕ್ಕ ಹಾಕಿ ಹೇಳಿದರು: ತೂಕ ಸಾಲದ ಅನಿಲದ ಗುಂಡಿನಲ್ಲಿ ನಕ್ಷತ್ರದ ಒಲೆ ಹತ್ತುವುದಿಲ್ಲ, ಅದು ಸುಮ್ನೆ ಆರುತ್ತಾ ಹೋಗುತ್ತದೆ. ಅವರು ಇವನ್ನು ಕಪ್ಪು ಕುಬ್ಜ ಎಂದರು. 1975ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಜಿಲ್ ಟಾರ್ಟರ್ ಕಂದು ಕುಬ್ಜ ಎಂದು ಹೆಸರಿಟ್ಟರು.

ಒಲೆಯಿಂದ ಇಳಿಸಿದ ರೊಟ್ಟಿ ಹಂಚನ್ನು ನೆನೆಸಿಕೊಳ್ಳಿ. ನೋಡಿದರೆ ಬಿಸಿ ಅನಿಸುವುದಿಲ್ಲ, ಅಂಗೈ ಹತ್ತಿರ ಒಯ್ದರೆ ಝಳ ಹೊಡೆಯುತ್ತದೆ. ಕಂದು ಕುಬ್ಜವೂ ಹಾಗೆಯೇ. ಅದರ ಬೆಳಕು ಹೆಚ್ಚಾಗಿ ಕಣ್ಣಿಗೆ ಕಾಣದ ಅವಗೆಂಪಿನಲ್ಲಿ ಬರುತ್ತದೆ, ಹಾಗಾಗಿ ಹುಡುಕಲು ದಶಕಗಳೇ ಹಿಡಿದವು. 1995ರಲ್ಲಿ ಗ್ಲೀಸ 229ಬಿ ಎಂಬ ಕಂದು ಕುಬ್ಜ ಸಿಕ್ಕಿತು. ಬೆಳಕನ್ನು ಬಿಡಿಸಿ ನೋಡಿದಾಗ ಮೀಥೇನ್ ಕಂಡಿತು. ನಕ್ಷತ್ರದ ಬಿಸಿಗೆ ಮೀಥೇನ್ ಉಳಿಯುವುದಿಲ್ಲ, ಗುರು ಗ್ರಹದಲ್ಲಿ ಉಂಟು. ಹೋಲಿಕೆಯೇ ಅದರ ಗುರುತಾಯಿತು.

ಆಮೇಲೆ ಇವನ್ನು ಬಿಸಿ ಇಳಿಯುವ ಕ್ರಮದಲ್ಲಿ ಎಲ್, ಟಿ, ವೈ ಎಂಬ ವರ್ಗಗಳಾಗಿ ವಿಂಗಡಿಸಿದರು. ಬಿಸಿಯಾದ ಎಲ್ ವರ್ಗದಲ್ಲಿ ಕಬ್ಬಿಣದ ಹನಿ, ಮರಳಿನಂಥ ಖನಿಜದ ಮೋಡ. ಟಿ ವರ್ಗದಲ್ಲಿ ಆ ಮೋಡ ಕೆಳಗಿಳಿದು ಮೀಥೇನ್ ಎದ್ದು ಕಾಣುತ್ತದೆ. ವೈ ವರ್ಗದ ಕೆಲವು ಕುದಿಯುವ ನೀರಿಗಿಂತಲೂ ತಣ್ಣಗಿವೆ.

ಆದರೆ ಇಲ್ಲಿಯೂ ಬಾವಲಿ, ಚಿಟ್ಟೆಯ ಗೊಂದಲವಿದೆ. ಎಳೆಯ ಹಗುರ ಕುಬ್ಜ, ಮುದಿಯಾದ ಭಾರದ ಕುಬ್ಜ ಒಂದೇ ಬಿಸಿಯಲ್ಲಿ, ಒಂದೇ ವರ್ಗದಲ್ಲಿ ಇರಬಹುದು. ಬೇರೆ ಮಾಡಲು ಒಳಗಿನ ಎಲುಬು ಹುಡುಕಬೇಕು, ಅಲ್ವಾ? ಎಳೆಯದರ ಮೈ ಉಬ್ಬಿರುತ್ತದೆ, ಮೇಲ್ಮೈಯಲ್ಲಿ ಸೆಳೆತ ಕಡಿಮೆ. ಅದಕ್ಕೇ ಅದರ ಬೆಳಕನ್ನು ಬಿಡಿಸಿದಾಗ ಸೋಡಿಯಂ, ಪೊಟ್ಯಾಸಿಯಂ ಬೆಳಕು ಹೀರಿ ಮೂಡಿಸುವ ಕಪ್ಪು ಗೆರೆಗಳು ಸಪೂರ. ನನಗೆ ಈ ಸಪೂರ ಗೆರೆಗಳನ್ನು ಕಂಡರೆ ಧಾರವಾಡದ ಆ ಮೇಜೇ ನೆನಪಾಗುತ್ತದೆ.

ಗ್ಲೀಸ 229ಬಿ ಕೂಡ ಬಹಳ ದಿನ ಒಂದು ತಕರಾರು ಉಳಿಸಿಕೊಂಡಿತ್ತು. ತೂಕ ಗುರುವಿನ ಸುಮಾರು 70 ಪಟ್ಟು. ಅಷ್ಟು ಭಾರಕ್ಕೆ ಬೆಳಕು ತೀರಾ ಕಡಿಮೆ. 2024ರಲ್ಲಿ ಉತ್ತರ ಸಿಕ್ಕಿತು. ಅದು ಒಂದಲ್ಲ, ಎರಡು. ಗುರುವಿನ 38 ಪಟ್ಟಿನದೊಂದು, 34 ಪಟ್ಟಿನದೊಂದು, ಸುಮಾರು 12 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಿವೆ.