ವಾಲೆಟ್‌ಗೆ ಕೇಳದೇ ಬಂದ ಟೋಕನ್‌ಗಳು

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಅಕ್ಕನ ಮಗನಿಗೆ ಕ್ರಿಪ್ಟೋ ಹುಚ್ಚು. ದೊಡ್ಡ ದುಡ್ಡೇನೂ ಹಾಕಿಲ್ಲ, ಆದರೆ ದಿನಕ್ಕೆ ಹತ್ತು ಸಲ ವಾಲೆಟ್ ತೆರೆದು ನೋಡುತ್ತಾನೆ. ಮೊನ್ನೆ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಫೋನ್ ನನ್ನ ಮುಂದೆ ಹಿಡಿದ.

"ಮಾವ, ಇವನ್ನ ನಾ ತಗೊಂಡಿಲ್ಲ. ಯಾರು ಹಾಕ್ಯಾರೋ ಗೊತ್ತಿಲ್ಲ. ಐದು ಸಾವಿರ ಡಾಲರ್ ಅಂತ ತೋರಸ್ತೈತಿ ನೋಡು."

ಮೇಲೆ ಅವನದೇ ಸ್ವಲ್ಪ ಈಥರ್, ಸ್ವಲ್ಪ ಯುಎಸ್‌ಡಿಟಿ (ಒಂದಕ್ಕೆ ಒಂದು ಡಾಲರ್ ಬೆಲೆ ಇರುವಂತೆ ಮಾಡಿದ ಟೋಕನ್) ಇತ್ತು. ಕೆಳಗೆ ಗುರುತಿಲ್ಲದ ಏಳೆಂಟು ಟೋಕನ್‌ಗಳ ಹೆಸರು. ಒಂದಕ್ಕಂತೂ ವೆಬ್‌ಸೈಟ್ ವಿಳಾಸವೇ ಹೆಸರು, ಮುಂದೆ 'ಬಹುಮಾನ ಪಡೆಯಿರಿ' ಅನ್ನೋ ಅರ್ಥದ ಎರಡು ಪದ. ಅವನಿಗೆ ಇದ್ದದ್ದು ಎರಡು ಪ್ರಶ್ನೆ. ಇದನ್ನ ಮಾರಬಹುದಾ? ಆಗಲ್ಲ ಅಂದರೆ ತೆಗೆದುಹಾಕೋದು ಹೇಗೆ?

ಮಾರೋಕೆ ಹೋಗಬಾರದು, ತೆಗೆದುಹಾಕೋಕೂ ಹೋಗಬಾರದು. ಇದು ಸೋಮಾರಿತನದ ಸಲಹೆ ಅಲ್ಲ. ಟೋಕನ್ ಅಂದರೆ ಏನು ಅನ್ನೋದು ಗೊತ್ತಾದರೆ ಕಾರಣವೂ ಗೊತ್ತಾಗುತ್ತದೆ.

ಗಂಗಾವತಿ ಎಪಿಎಂಸಿಯಲ್ಲಿ ಯಾರೋ ಒಬ್ಬ ದಲಾಲಿ ತನ್ನ ಖಾತೆ ಪುಸ್ತಕದಲ್ಲಿ ನಿಮ್ಮ ಹೆಸರು ಬರೆದು, ಮುಂದೆ 'ನೂರು ಚೀಲ ಭತ್ತ' ಅಂತ ಸೇರಿಸಿದ ಅನ್ನಿ. ನಿಮ್ಮನ್ನು ಕೇಳಲಿಲ್ಲ. ನಿಮ್ಮ ಮನೆಗೆ ಒಂದು ಚೀಲವೂ ಬರಲಿಲ್ಲ. ಅವನ ಪುಸ್ತಕ, ಅವನ ಪೆನ್ನು. ಟೋಕನ್ ಕೂಡ ಅಷ್ಟೇ. ನಮ್ಮ ವಾಲೆಟ್ ಒಳಗೆ ಯಾವ ಟೋಕನ್ನೂ ಇರುವುದಿಲ್ಲ. ವಾಲೆಟ್‌ನಲ್ಲಿ ಇರುವುದು ಕೀಲಿ ಮಾತ್ರ. ಯಾವ ವಿಳಾಸಕ್ಕೆ (ಖಾತೆ ನಂಬರ್ ಇದ್ದಂತೆ) ಎಷ್ಟು ಅನ್ನೋ ಲೆಕ್ಕ, ಆ ಟೋಕನ್ ಮಾಡಿದವನು ಬ್ಲಾಕ್‌ಚೈನ್ (ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕ) ಮೇಲೆ ಇಟ್ಟ ಪ್ರೋಗ್ರಾಂ ಒಳಗಿರುತ್ತದೆ. ಅದಕ್ಕೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಅಂತಾರೆ. ವಾಲೆಟ್ ಆ್ಯಪ್ ಆ ಲೆಕ್ಕ ಓದಿ ತೋರಿಸುತ್ತದೆ, ಅಷ್ಟೇ.

ಈಥರ್ ಓಡಾಡುವ ಬ್ಲಾಕ್‌ಚೈನ್ ಇಥೀರಿಯಂ ಶುರುವಾಗಿದ್ದು 2015ರ ಜುಲೈನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಫ್ಯಾಬಿಯನ್ ಫೋಗೆಲ್‌ಸ್ಟೆಲ್ಲರ್ ಮತ್ತು ಇಥೀರಿಯಂ ಹುಟ್ಟುಹಾಕಿದವರಲ್ಲಿ ಒಬ್ಬರಾದ ವಿಟಾಲಿಕ್ ಬುಟೆರಿನ್, ಟೋಕನ್‌ಗಳು ಹೇಗಿರಬೇಕು ಅನ್ನೋ ನಿಯಮಗಳನ್ನು ಮುಂದಿಟ್ಟರು. ಅದೇ ಇಆರ್‌ಸಿ-20. ಟೋಕನ್ ಮಾಡಲು ಯಾರ ಅನುಮತಿಯೂ ಬೇಡ. ಹೆಸರು ಏನು ಬೇಕಾದರೂ ಇಡಬಹುದು, ಇನ್ನೊಂದು ಟೋಕನ್ನಿನ ಹೆಸರನ್ನೇ ಕದ್ದೂ ಇಡಬಹುದು. ಪಡೆಯುವವರು 'ಬೇಡ' ಅನ್ನಲು ಆ ನಿಯಮಗಳಲ್ಲಿ ದಾರಿಯೇ ಇಲ್ಲ.

ಬುಟೆರಿನ್‌ಗೇ ಇದರ ಬಿಸಿ ತಟ್ಟಿದೆ. ಶಿಬಾ ಇನು ಟೋಕನ್ ಮಾಡಿದವರು ಒಟ್ಟು ಟೋಕನ್‌ಗಳಲ್ಲಿ ಅರ್ಧವನ್ನು ಪ್ರಚಾರಕ್ಕಾಗಿ ಬುಟೆರಿನ್ ವಿಳಾಸಕ್ಕೆ ಕಳಿಸಿಬಿಟ್ಟರು. ಅವರೇನೂ ಕೇಳಿರಲಿಲ್ಲ. 2021ರ ಮೇ ತಿಂಗಳಲ್ಲಿ ಅವರು ಅದರಲ್ಲಿ ಸುಮಾರು 50 ಲಕ್ಷ ಕೋಟಿ ಟೋಕನ್‌ಗಳನ್ನು ಭಾರತದ ಕೋವಿಡ್ ಪರಿಹಾರಕ್ಕಾಗಿ ಶುರುವಾಗಿದ್ದ ಕ್ರಿಪ್ಟೋ ನಿಧಿಗೆ ಕೊಟ್ಟರು. ಆ ದಿನದ ರೇಟಿನಲ್ಲಿ ಕಾಗದದ ಮೇಲೆ ಅದು ಸುಮಾರು 100 ಕೋಟಿ ಡಾಲರ್. ಸುದ್ದಿ ಹಬ್ಬುತ್ತಿದ್ದಂತೆ ರೇಟು ಬಿತ್ತು ಅನ್ನೋದು ಬೇರೆ ಮಾತು.

ನಮ್ಮ ಹುಡುಗನಿಗೆ ಬಂದದ್ದು ಅಂಥ ಸರಕಲ್ಲ. ಅವನ ಫೋನಿನಲ್ಲೇ, ಇಥೀರಿಯಂ ವಹಿವಾಟುಗಳನ್ನು ತೋರಿಸುವ ಈಥರ್‌ಸ್ಕ್ಯಾನ್ ಸೈಟ್ ತೆರೆದು ನೋಡಿದೆವು. ಒಂದೇ ವಹಿವಾಟಿನಲ್ಲಿ ನೂರಾರು ವಿಳಾಸಗಳಿಗೆ ಟೋಕನ್ ಹಂಚಿದ್ದರು. ಎಲ್ಲರಿಗೂ ಒಂದೇ ಸಂಖ್ಯೆ. ಇವನ ವಿಳಾಸ ಆ ಸಾಲಿನಲ್ಲಿ ಎಲ್ಲೋ ನಡುವೆ ಇತ್ತು. ಅಂದರೆ ಯಾರೂ ಇವನನ್ನು ಹುಡುಕಿಕೊಂಡು ಬಂದಿಲ್ಲ. ಬ್ಲಾಕ್‌ಚೈನ್ ಮೇಲಿನ ವಿಳಾಸಗಳು ಎಲ್ಲರಿಗೂ ಕಾಣುತ್ತವೆ, ಅವನ್ನು ರಾಶಿ ಹಾಕಿ ಬಲೆ ಬೀಸಿದ್ದಾರೆ.

ಹಾಗಾದರೆ ಆ ಐದು ಸಾವಿರ ಡಾಲರ್? ಅದೂ ಸುಲಭ. ಮೋಸಗಾರ ತನ್ನ 100 ಟೋಕನ್ ಮತ್ತು 100 ಡಾಲರ್ ಸೇರಿಸಿ ಒಂದು ಪುಟ್ಟ ಮಾರುಕಟ್ಟೆ ತೆರೆಯುತ್ತಾನೆ. ಈಗ ಟೋಕನ್‌ಗೆ ಒಂದು ಡಾಲರ್ ಬೆಲೆ ಬಂತು. ಆಮೇಲೆ ಸುಮ್ನೆ ಕೋಟಿಗಟ್ಟಲೆ ಟೋಕನ್ ಸೃಷ್ಟಿಸಿ, ಒಬ್ಬೊಬ್ಬರಿಗೆ ಐದೈದು ಸಾವಿರ ಹಂಚುತ್ತಾನೆ. ಆ್ಯಪ್ ಪಾಪ, ಗುಣಿಸಿ ತೋರಿಸುತ್ತದೆ. ಆ ಮಾರುಕಟ್ಟೆಯಲ್ಲಿ ಒಟ್ಟು ಇರುವುದೇ ನೂರು ಡಾಲರ್. ಅದನ್ನಾದರೂ ತೆಗೆಯೋಣ ಅಂದರೆ, ಮಾಡಿದವನ ವಿಳಾಸ ಬಿಟ್ಟು ಬೇರೆ ಯಾರೂ ಮಾರದ ಹಾಗೆ ಕಾಂಟ್ರ್ಯಾಕ್ಟ್‌ನಲ್ಲೇ ಬರೆದಿರುತ್ತಾರೆ.

ಮಾರಲು ಆಗಲ್ಲ ಅಂತ ಗೊತ್ತಾದ ಮನುಷ್ಯ ಟೋಕನ್ ಹೆಸರಿನಲ್ಲಿದ್ದ ವೆಬ್‌ಸೈಟ್‌ಗೆ ಹೋಗುತ್ತಾನೆ. ನಿಜವಾದ ಆಟ ಇರುವುದು ಅಲ್ಲಿ.

ಜನ ನಂಬುವುದಕ್ಕೆ ಒಂದು ಹಳೇ ಕಾರಣವೂ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಟೋಕನ್ ವಿನಿಮಯದ ತಾಣ ಯುನಿಸ್ವಾಪ್ ತನ್ನನ್ನು ಬಳಸಿದ ಪ್ರತಿ ವಿಳಾಸಕ್ಕೂ 400 ಟೋಕನ್ ಉಚಿತವಾಗಿ ಕೊಟ್ಟಿತ್ತು. ಅದಕ್ಕೂ ಸೈಟ್‌ಗೆ ಹೋಗಿ, ವಾಲೆಟ್ ಜೋಡಿಸಿ ಪಡೆದುಕೊಳ್ಳಬೇಕಿತ್ತು. ಅಲ್ಲಿ ಜನ ಕಲಿತ ಅಭ್ಯಾಸವನ್ನೇ ಮೋಸಗಾರರು ಬಳಸಿಕೊಂಡರು.

ಸೈಟ್‌ನಲ್ಲಿ ಗುಂಡಿ ಒತ್ತಿದರೆ ವಾಲೆಟ್‌ನಲ್ಲಿ ಒಂದು ಕಿಟಕಿ ತೆರೆಯುತ್ತದೆ. 'ಸ್ಪೆಂಡಿಂಗ್ ಕ್ಯಾಪ್' ಅಂತ ಕೇಳುತ್ತದೆ. ಅಂದರೆ, ನಿಮ್ಮ ಪರವಾಗಿ ಇನ್ನೊಬ್ಬ ಎಷ್ಟು ತೆಗೆಯಬಹುದು ಅನ್ನೋ ಮಿತಿ. ಇದು ಇಆರ್‌ಸಿ-20ರಲ್ಲೇ ಇರುವ ಸೌಲಭ್ಯ, ಯುನಿಸ್ವಾಪ್‌ನಂಥ ತಾಣಗಳಲ್ಲಿ ಟೋಕನ್ ಮಾರಲು ಸಾಮಾನ್ಯವಾಗಿ ಇದು ಬೇಕು. ಆದರೆ ಕಿಟಕಿಯಲ್ಲಿ ಟೋಕನ್ನಿನ ಹೆಸರು ಓದಿ. ಕಸದ ಟೋಕನ್ ಮಾರಲು ಹೋದವನಿಗೆ ಅಲ್ಲಿ ಕಾಣುವುದು ಯುಎಸ್‌ಡಿಟಿ, ಅವನದೇ ದುಡ್ಡು. ಮಿತಿಯ ಜಾಗದಲ್ಲಿ 78 ಅಂಕಿಗಳ ಒಂದು ಸಂಖ್ಯೆ, ಇಲ್ಲವೇ 'ಮಿತಿಯಿಲ್ಲ' ಅನ್ನೋ ಮಾತು. ಒಪ್ಪಿದರೆ ಇವತ್ತು ಇರುವುದಷ್ಟೇ ಅಲ್ಲ, ಮುಂದಿನ ತಿಂಗಳು ಬರುವ ಯುಎಸ್‌ಡಿಟಿಯನ್ನೂ ಮೋಸಗಾರ ತೆಗೆಯಬಹುದು. ಕೆಲವು ಟೋಕನ್‌ಗಳಿಗೆ ಬರೀ ಒಂದು ಸಹಿ ಸಾಕು, ಗ್ಯಾಸ್ ಫೀ (ವಹಿವಾಟು ನಡೆಸಲು ಬ್ಲಾಕ್‌ಚೈನ್‌ಗೆ ಕಟ್ಟುವ ಶುಲ್ಕ) ಕೂಡ ಇಲ್ಲ. ಖರ್ಚಿಲ್ಲ ಅಂದಮೇಲೆ ಅಪಾಯವೂ ಇಲ್ಲ ಅಂದುಕೊಂಡು ಜನ ಒತ್ತಿಬಿಡುತ್ತಾರೆ.

ಈಗಾಗಲೇ ಒಪ್ಪಿಗೆ ಕೊಟ್ಟಿದ್ದರೆ? ಸೈಟ್‌ನಿಂದ ವಾಲೆಟ್ ಬಿಡಿಸಿದರೆ ಸಾಲದು. ಆ್ಯಪ್ ಅಳಿಸಿ ಮತ್ತೆ ಹಾಕಿದರೂ ಸಾಲದು. ಒಪ್ಪಿಗೆ ಬರೆದಿರುವುದು ಟೋಕನ್ ಕಾಂಟ್ರ್ಯಾಕ್ಟ್‌ನಲ್ಲಿ, ಫೋನಿನಲ್ಲಲ್ಲ. ಈಥರ್‌ಸ್ಕ್ಯಾನ್‌ನ ಅಪ್ರೂವಲ್ ಪುಟಕ್ಕೆ ಹೋಗಿ ಅದನ್ನು ರದ್ದು ಮಾಡಬೇಕು. ಸ್ವಲ್ಪ ಗ್ಯಾಸ್ ಫೀ ಬೀಳುತ್ತದೆ, ಬೀಳಲಿ. ವಾಲೆಟ್ಟಿನ ಕೀಲಿಯಂಥ ಗುಟ್ಟಿನ ಪದಗಳ ಸಾಲು, ಅಂದರೆ ಸೀಡ್ ಫ್ರೇಸನ್ನೇ ಎಲ್ಲಾದರೂ ಟೈಪ್ ಮಾಡಿದ್ದರೆ ಇದರಿಂದಲೂ ಪ್ರಯೋಜನವಿಲ್ಲ. ಹೊಸ ವಾಲೆಟ್ ಮಾಡಿ ಉಳಿದದ್ದನ್ನು ಕೂಡಲೇ ಅಲ್ಲಿಗೆ ಸಾಗಿಸಬೇಕು.

ಇನ್ನು ಬರೀ ಬಂದು ಕೂತ ಟೋಕನ್. ವಾಲೆಟ್‌ನಲ್ಲಿ ಅದನ್ನು ಹೈಡ್ ಮಾಡಿ, ಮುಗೀತು. ಸುಟ್ಟುಹಾಕುತ್ತೇನೆ ಅಂತ ಯಾರ ಬಳಿಯೂ ಕೀಲಿ ಇಲ್ಲದ ಸತ್ತ ವಿಳಾಸಕ್ಕೆ ಕಳಿಸುವವರೂ ಇದ್ದಾರೆ. ಕೈಯಿಂದ ಗ್ಯಾಸ್ ಫೀ ಕೊಟ್ಟು, ಮೋಸಗಾರ ಬರೆದ ಪ್ರೋಗ್ರಾಂ ಅನ್ನೇ ಓಡಿಸುವ ಈ ಅಚ್ಚುಕಟ್ಟುತನ ನನಗೆ ಅರ್ಥವಾಗಲ್ಲ. ಸೊಲಾನಾ ಅನ್ನೋ ಇನ್ನೊಂದು ಬ್ಲಾಕ್‌ಚೈನ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಪ್ರತಿ ಟೋಕನ್ ಖಾತೆಗೂ ಸುಮಾರು 0.002 ಸೋಲ್ (ಸೊಲಾನಾದ ನಾಣ್ಯ) ಠೇವಣಿ ಇರುತ್ತದೆ, ಟೋಕನ್ ಸುಟ್ಟು ಖಾತೆ ಮುಚ್ಚಿದರೆ ಅದು ವಾಪಸ್. ಮಾಡುವುದಾದರೆ ವಾಲೆಟ್‌ನಲ್ಲೇ ಇರುವ ಸೌಲಭ್ಯದಿಂದ ಮಾಡಿ. ಅದಕ್ಕಾಗಿಯೇ ತೆರೆದ ಸೈಟ್‌ಗಳಲ್ಲೂ ಕಳ್ಳರಿದ್ದಾರೆ.

ನನ್ನ ಲೆಕ್ಕದಲ್ಲಿ ಹೆಚ್ಚು ಅಪಾಯ ಇರುವುದು ದುಡ್ಡಿನ ಆಸೆ ತೋರಿಸದ ಸ್ಪ್ಯಾಮ್‌ನಲ್ಲಿ. ಇಥೀರಿಯಂ ವಿಳಾಸದಲ್ಲಿ 40 ಅಂಕಿ-ಅಕ್ಷರ ಇರುತ್ತವೆ. ವಾಲೆಟ್ ಅಷ್ಟನ್ನೂ ತೋರಿಸಲ್ಲ. ಮೊದಲ ನಾಲ್ಕೈದು, ಕೊನೆಯ ನಾಲ್ಕೈದು, ನಡುವೆ ಚುಕ್ಕಿ. ನಮ್ಮ ಕಣ್ಣೂ ಅಷ್ಟೇ ನೋಡುವುದು, ಅಲ್ವಾ? ಮೊದಲ ನಾಲ್ಕು, ಕೊನೆಯ ನಾಲ್ಕು ಹೊಂದುವ ವಿಳಾಸ ಸಿಗಲು ಸರಾಸರಿ 429 ಕೋಟಿ ಸಲ ಪ್ರಯತ್ನಿಸಬೇಕು. ಕೇಳೋಕೆ ದೊಡ್ಡದು, ಒಳ್ಳೇ ಗ್ರಾಫಿಕ್ಸ್ ಕಾರ್ಡ್‌ಗೆ ಸಣ್ಣ ಕೆಲಸ. ನೀವು ಪದೇ ಪದೇ ಕಳಿಸುವ ವಿಳಾಸದಂತೆಯೇ ಕಾಣುವ ಒಂದನ್ನು ಮಾಡಿಕೊಂಡು, ಅದು ನಿಮ್ಮ ಹಿಸ್ಟರಿಯಲ್ಲಿ ಕಾಣುವಂತೆ ಮಾಡುತ್ತಾರೆ. ಇಆರ್‌ಸಿ-20 ನಿಯಮದಲ್ಲಿ ಸೊನ್ನೆ ಟೋಕನ್ ಕಳಿಸುವುದೂ ಸಿಂಧು, ಅದಕ್ಕೆ ನಿಮ್ಮ ಒಪ್ಪಿಗೆಯೂ ಬೇಡ. ಹಾಗಾಗಿ ನೀವೇ ಅಲ್ಲಿಗೆ ಕಳಿಸಿದಂತೆ ಒಂದು ಸಾಲು ಮೂಡುತ್ತದೆ. ಮುಂದಿನ ಸಲ ಹಿಸ್ಟರಿಯಿಂದ ವಿಳಾಸ ಕಾಪಿ ಮಾಡಿದರೆ ದುಡ್ಡು ಹೋಯಿತು. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೇ 1,155 ವ್ರಾಪ್ಡ್ ಬಿಟ್‌ಕಾಯಿನ್ (ಇಥೀರಿಯಂನಲ್ಲಿ ಬಿಟ್‌ಕಾಯಿನ್ ಬದಲಿಗೆ ಓಡಾಡುವ ಟೋಕನ್) ಕಳ್ಳನಿಗೆ ಕಳಿಸಿದರು. ಸುಮಾರು 6.8 ಕೋಟಿ ಡಾಲರ್. ಎಲ್ಲರ ಕಣ್ಣೂ ತನ್ನ ಮೇಲಿದ್ದ ಕಾರಣವೋ ಏನೋ, ಆ ಕಳ್ಳ ಆಮೇಲೆ ಬಹುಪಾಲು ವಾಪಸ್ ಮಾಡಿದ. ಸಣ್ಣ ಮೊತ್ತ ಕಳೆದುಕೊಂಡವರಿಗೆ ಆ ಭಾಗ್ಯ ಇಲ್ಲ.

ವಿಳಾಸಗಳನ್ನು ಆ್ಯಪ್‌ನ ಅಡ್ರೆಸ್ ಬುಕ್‌ನಲ್ಲಿ ಉಳಿಸಿಕೊಳ್ಳಿ. ಅಕ್ಕನ ಮಗನಿಂದ ಆವತ್ತೇ ಆ ಕೆಲಸ ಮಾಡಿಸಿದೆ, ಗೊಣಗುತ್ತಲೇ ಮಾಡಿದ.

ದುಡ್ಡು ಹೋದರೆ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ. ವಹಿವಾಟನ್ನು ಹಿಂದಕ್ಕೆ ತಿರುಗಿಸಲು ಯಾರಿಂದಲೂ ಆಗಲ್ಲ. ಟೆಲಿಗ್ರಾಂನಲ್ಲಿ 'ವಾಪಸ್ ಕೊಡಿಸ್ತೀನಿ' ಅನ್ನುವವನು ಎರಡನೇ ಕಳ್ಳ. ಆದರೆ ಕದ್ದದ್ದು ಕ್ರಿಪ್ಟೋ ಕೊಂಡು ಮಾರುವ ಎಕ್ಸ್‌ಚೇಂಜ್‌ಗೆ ಬಂದರೆ ಅಲ್ಲಿ ತಡೆಯಬಹುದು. ಯುಎಸ್‌ಡಿಟಿ ಆದರೆ ಅದನ್ನು ಮಾಡಿದ ಟೆದರ್ ಕಂಪನಿಯೇ ಕಳ್ಳನ ವಿಳಾಸವನ್ನು ಸ್ತಂಭನಗೊಳಿಸಬಹುದು, ಆ ಅಧಿಕಾರ ಅದರ ಕಾಂಟ್ರ್ಯಾಕ್ಟ್‌ನಲ್ಲೇ ಇದೆ. ಅದಕ್ಕೇ ದೂರಿನಲ್ಲಿ ಕಳ್ಳನ ವಿಳಾಸ, ವಹಿವಾಟಿನ ಹ್ಯಾಶ್ (ಅದರ ಗುರುತಿನ ಸಂಖ್ಯೆ) ಎರಡನ್ನೂ ಪೂರ್ತಿ ಬರೆಯಬೇಕು. ಬರೀ ವಾಲೆಟ್‌ನ ಸ್ಕ್ರೀನ್‌ಶಾಟ್ ಕೊಟ್ಟರೆ ಅದರಲ್ಲಿ ವಿಳಾಸದ ನಡುವೆ ಇರುವುದು ಚುಕ್ಕಿಗಳು.