ಉರಿಯೊಳಗೆ ಆವಿ: ನಾಕ್ಸ್ ತಗ್ಗಿಸಲು ಹುಡುಕಿದ ದಾರಿ

ಅನಿಲ ಉರಿಸಿ ಆ ಬಿಸಿ ಹೊಗೆಯಿಂದ ಬ್ಲೇಡು ತಿರುಗಿಸುವ ಯಂತ್ರ ಗ್ಯಾಸ್ ಟರ್ಬೈನ್. ಅದು ಉಗುಳುವ ನಾಕ್ಸ್, ಅಂದರೆ ನೈಟ್ರೋಜನ್ (ಸಾರಜನಕ) ಆಕ್ಸೈಡುಗಳು, ಇಂಧನದಲ್ಲಿರುವ ಕೊಳೆಯಲ್ಲ. ಎಷ್ಟೇ ಶುದ್ಧವಾದ ನೈಸರ್ಗಿಕ ಅನಿಲ ಉರಿಸಿದರೂ ಅದು ಹುಟ್ಟುತ್ತದೆ. ಸಾರಜನಕ ಬರುವುದು ಗಾಳಿಯಿಂದ. ಜ್ವಾಲೆಯ ಉಷ್ಣತೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ನಾಕ್ಸ್ ಸರಸರನೆ ಏರುತ್ತದೆ. ಈ ರಸಾಯನವನ್ನು ಸೋವಿಯತ್ ವಿಜ್ಞಾನಿ ಯಾಕೊವ್ ಝೆಲ್ಡೊವಿಚ್ 1940ರ ದಶಕದಲ್ಲೇ ಬಿಡಿಸಿಟ್ಟಿದ್ದರು. ಲಾಸ್ ಏಂಜಲೀಸ್‌ನ ಹೊಗೆಮಂಜಿನಲ್ಲಿ ನಾಕ್ಸ್ ಪಾತ್ರವಿದೆ ಎಂದು ರಸಾಯನ ವಿಜ್ಞಾನಿ ಏರಿ ಹಾಗೆನ್-ಸ್ಮಿತ್ 1950ರ ದಶಕದ ಆರಂಭದಲ್ಲಿ ತೋರಿಸಿದ ಮೇಲೆ ವಿಷಯ ಕಾನೂನಿನ ಮೆಟ್ಟಿಲು ಹತ್ತಿತು.

1979ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಿದ್ಯುತ್ ಕಂಪನಿಗಳ ದೊಡ್ಡ ಟರ್ಬೈನುಗಳಿಗೆ ವಿಧಿಸಿದ ಮೂಲ ಮಿತಿ 75 ಪಿಪಿಎಂ, ಅಂದರೆ ಹೊಗೆಯ ಹತ್ತು ಲಕ್ಷ ಪಾಲಿನಲ್ಲಿ 75 ಪಾಲು ನಾಕ್ಸ್. ಆಗ ಕೈಗೆಟಕುವ ಮದ್ದೆಂದರೆ ಉರಿಗೆ ನೀರು ಅಥವಾ ಆವಿ ಹಾಕಿ ತಣಿಸುವುದು. ನೀರು ಕಡಿಮೆ ಸಾಕು, ಆದರೆ ಅದನ್ನು ಆವಿ ಮಾಡಲು ಇಂಧನವೇ ಸುಡಬೇಕು. ಆವಿ ಹೆಚ್ಚು ಬೇಕು, ಆದರೆ ಅದು ಹೊಗೆಯ ಬಿಸಿಯಿಂದಲೇ ಸಿಗುತ್ತದೆ.

ಎಲ್ಲಿ ಹಾಕಬೇಕು ಎಂಬುದೇ ನಿಜವಾದ ಪ್ರಶ್ನೆ. ಹಳೆಯ ಬರ್ನರಿನಲ್ಲಿ ಆವಿಯನ್ನು ಗಾಳಿಗೆ ಬಿಟ್ಟರೆ ಬಹುಪಾಲು ಜ್ವಾಲೆಯ ಪಕ್ಕದಿಂದ ಜಾರಿಹೋಗುತ್ತದೆ. ಅನಿಲದಲ್ಲೇ ಬೆರೆಸಿದರೆ ಅನಿಲ ಉರಿಯುವಲ್ಲೆಲ್ಲ ಆವಿಯೂ ಜೊತೆಗಿರುತ್ತದೆ. ಆವಿ ತುಂಬಿದ ಟರ್ಬೈನಿಗೆ 1970ರ ದಶಕದಲ್ಲಿ ಪೇಟೆಂಟ್ ಪಡೆದಿದ್ದ ದಾ ಯು ಚೆಂಗ್ ಮುಂದೆ ಇದೇ ದಾರಿ ಹಿಡಿದರು: ಬರ್ನರ್ ತಲುಪುವ ಮೊದಲೇ ಎರಡನ್ನೂ ಏಕರೂಪವಾಗಿ ಬೆರೆಸುವುದು.

ಹೇಳಿದಷ್ಟು ಸುಲಭವಲ್ಲ. 25 ಬಾರ್ ಒತ್ತಡದಲ್ಲಿ 1 ಕೆ.ಜಿ. ಮೀಥೇನಿಗೆ 1.5 ಕೆ.ಜಿ. ಆವಿ ಬೆರೆಸಿ ನೋಡಿ. ಮಿಶ್ರಣದಲ್ಲಿ ಆವಿಯ ಪಾಲಿನ ಒತ್ತಡ ಸುಮಾರು 14 ಬಾರ್. 195 ಡಿಗ್ರಿಗೆ ಇಳಿದರೆ ನೀರಾಗುತ್ತದೆ. 300 ಡಿಗ್ರಿಯ ಆವಿಗೆ 30 ಡಿಗ್ರಿಯ ತಣ್ಣನೆ ಅನಿಲ ಸೇರಿಸಿದರೆ ಮಿಶ್ರಣ 190ರ ಆಸುಪಾಸಿಗೆ ಬಂದು ಕೊಳವೆಯಲ್ಲಿ ಹನಿ ಕಟ್ಟುತ್ತದೆ. ಆ ಹನಿ ಅನಿಲ ಚಿಮ್ಮುವ ಕಾದ ನಾಝಲ್‌ಗೆ ಬಡಿದರೆ ಲೋಹ ಬಿರುಕು ಬಿಡುತ್ತದೆ. ಹಾಗಾಗಿ ಆವಿ 350 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ ಅನಿಲವನ್ನೇ ಮೊದಲು ಕಾಯಿಸಬೇಕು. ತಗ್ಗಿನಲ್ಲಿ ಡ್ರೈನ್, ಆವಿ ಬಿಡದೆ ನೀರನ್ನಷ್ಟೇ ಹೊರಹಾಕುವ ಸ್ಟೀಮ್ ಟ್ರ್ಯಾಪ್ ಇರಲೇಬೇಕು. ಕೊಳವೆ ಬೆಚ್ಚಗಾಗುವ ಮೊದಲು ವಾಲ್ವ್ ತೆರೆಯುವಂತಿಲ್ಲ. ಅನಿಲ ಹಿಂದಕ್ಕೆ ನುಗ್ಗಿ ಬಾಯ್ಲರ್ ಸೇರದಂತೆ ಚೆಕ್ ವಾಲ್ವ್ ಬೇರೆ.

ಇದೇ ಅಳತೆಯಲ್ಲಿ ಹರಿವಿನ ಗಾತ್ರ, ಉಷ್ಣತೆ ಬಿಟ್ಟರೂ, 2.3 ಪಟ್ಟು ಆಗುತ್ತದೆ. ನಾಝಲ್‌ನ ರಂಧ್ರ ದೊಡ್ಡದು ಮಾಡದಿದ್ದರೆ ಅಷ್ಟು ದಾಟುವುದಿಲ್ಲ. ದೊಡ್ಡದು ಮಾಡಿದರೆ ಆವಿಯಿಲ್ಲದೆ ಸ್ಟಾರ್ಟ್ ಮಾಡುವಾಗ ರಂಧ್ರದಲ್ಲಿ ಒತ್ತಡದ ಇಳಿತವೇ ಸಾಲದೆ ಜ್ವಾಲೆ ಗುಂಯ್‌ಗುಡುತ್ತದೆ. ಆವಿ ಅತಿಯಾದರೂ ಅದೇ ಗುಂಯ್‌ಗುಡುವಿಕೆ, ಜೊತೆಗೆ ಅರೆಬೆಂದ ಇಂಧನದ ಕಾರ್ಬನ್ ಮಾನಾಕ್ಸೈಡ್. ಆವಿಯಲ್ಲಿ ಸೋಡಿಯಂ ಉಳಿದಿದ್ದರೆ ಗಂಧಕದೊಡನೆ ಸೇರಿ, 884 ಡಿಗ್ರಿಗೆ ಕರಗುವ ಲವಣವಾಗಿ ಬ್ಲೇಡನ್ನು ತಿನ್ನುತ್ತದೆ.

1990ರ ದಶಕದಲ್ಲಿ ಗಾಳಿ–ಅನಿಲವನ್ನು ಮೊದಲೇ ಬೆರೆಸಿ ತೆಳುವಾಗಿ, ಅಂದರೆ ಗಾಳಿ ಹೆಚ್ಚಾಗಿಟ್ಟು, ನೀರು–ಆವಿ ಇಲ್ಲದೆ ಉರಿಸುವ ಒಣ ಬರ್ನರುಗಳು ಬಂದು ಆವಿಯನ್ನು ಬದಿಗೆ ಸರಿಸಿದವು. ಕಾರಣ ಲೆಕ್ಕದಲ್ಲೇ ಇದೆ: ಶೇ. 35 ದಕ್ಷತೆಯ 40 ಮೆಗಾವಾಟ್ ಯಂತ್ರ ಸೆಕೆಂಡಿಗೆ ಸುಮಾರು 2.4 ಕೆ.ಜಿ. ಅನಿಲ ಉರಿಸುತ್ತದೆ, ಅದರ ಒಂದೂವರೆ ಪಟ್ಟು ಆವಿಯೆಂದರೆ ದಿನಕ್ಕೆ 310 ಟನ್ ಖನಿಜರಹಿತ ನೀರು ಚಿಮಣಿಯಲ್ಲಿ ಆಕಾಶಕ್ಕೆ.