ಪದ್ಯ ಗೊತ್ತು, ಅರ್ಥ ಗೊತ್ತಿಲ್ಲ

ಶಿರಸಿ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೇ ಟಿವಿಯಲ್ಲಿ ದೊಡ್ಡ ರಿಯಾಲಿಟಿ ಶೋ ಕೂಡ ನಡೆದಿರುತ್ತದೆ. ಊಟ ಮುಗಿಸಿ ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ಕೈ ಅಡಿಕೆ ಸುಲಿಯುತ್ತದೆ, ಕಣ್ಣು ಟಿವಿಯಲ್ಲಿ. ಹೋದ ವರ್ಷ ಹಾಗೇ ಕೂತಿದ್ದಾಗ ಸ್ಪರ್ಧಿಯೊಬ್ಬ ಗಳಗಳ ಅತ್ತ. ‘ಇದೆಲ್ಲ ನಾಟ್ಕ ಅಲ್ದನಾ?’ ಎಂದಳು ದೊಡ್ಡಮ್ಮ. ಹಾಗೆ ಕೇಳಿದವಳೇ, ಚೊಗರು ಹಿಡಿದ ಬೆರಳು ತಾಗದಂತೆ ತೋಳಿನಿಂದ ಕಣ್ಣೊರೆಸಿಕೊಂಡಳು.

ಈ ಗುಮಾನಿ ಹಳೆಯದು. 1948ರಲ್ಲೇ ಅಮೆರಿಕದ ‘ಕ್ಯಾಂಡಿಡ್ ಕ್ಯಾಮೆರಾ’ ಬಚ್ಚಿಟ್ಟ ಕ್ಯಾಮೆರಾದಲ್ಲಿ ಜನರನ್ನು ತೋರಿಸಲು ಶುರು ಮಾಡಿತು. 1950ರ ದಶಕದಲ್ಲಿ ಅಲ್ಲಿ ಕ್ವಿಜ್ ಶೋಗಳ ಹುಚ್ಚು. ‘ಟ್ವೆಂಟಿ ಒನ್’ ಶೋನಲ್ಲಿ ವಾರಗಟ್ಟಲೆ ಗೆದ್ದ ಚಾರ್ಲ್ಸ್ ವ್ಯಾನ್ ಡೊರೆನ್, ಉತ್ತರಗಳನ್ನು ತನಗೆ ಮೊದಲೇ ಕೊಟ್ಟಿದ್ದರು ಎಂದು 1959ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ಒಪ್ಪಿಕೊಂಡ. ಮರುವರ್ಷ ಕಾನೂನೇ ಬಂತು. ಆದರೆ ಅದು ತಡೆದದ್ದು ಸ್ಪರ್ಧೆಯಲ್ಲಿನ ಮೋಸವನ್ನು, ಚಿತ್ರೀಕರಿಸಿದ್ದರಲ್ಲಿ ಬೇಕಾದ್ದನ್ನಷ್ಟೇ ಉಳಿಸುವ ಕತ್ತರಿಯನ್ನಲ್ಲ.

ಕತ್ತರಿಯ ಬಲ ಕಂಡದ್ದು 1973ರಲ್ಲಿ. ‘ಆ್ಯನ್ ಅಮೆರಿಕನ್ ಫ್ಯಾಮಿಲಿ’ಗಾಗಿ ಕ್ಯಾಲಿಫೋರ್ನಿಯಾದ ಒಂದು ಕುಟುಂಬದ ಹಿಂದೆ ಏಳು ತಿಂಗಳು ಓಡಾಡಿ ಸುಮಾರು 300 ಗಂಟೆ ಚಿತ್ರೀಕರಿಸಿದರು. ತೋರಿಸಿದ್ದು 12 ಕಂತು. ಗಂಡ ಹೆಂಡತಿ ಬೇರೆಯಾದದ್ದು ನಿಜವೇ. ಆದರೆ ಒಳ್ಳೆಯ ದಿನಗಳನ್ನು ಬಿಟ್ಟು ಕೆಟ್ಟದ್ದನ್ನೇ ಉಳಿಸಿದರು ಎಂದು ಆ ಮನೆಯವರು ನೊಂದುಕೊಂಡರು.

ಮುಂದಿನದು ಗೊತ್ತಿರುವ ಕಥೆ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ‘ಬಿಗ್ ಬ್ರದರ್’, 2006ರಲ್ಲಿ ಹಿಂದಿ ‘ಬಿಗ್ ಬಾಸ್’, 2013ರಲ್ಲಿ ಸುದೀಪ್ ನಡೆಸಿಕೊಟ್ಟ ಕನ್ನಡದ್ದು. ಪಕ್ಕದ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ 2025ರಲ್ಲಿ ಅದನ್ನು ಗೆದ್ದಾಗ ನಮ್ಮಲ್ಲೂ ಖುಷಿಪಟ್ಟವರಿದ್ದರು. ನಮ್ಮಂಥವನೊಬ್ಬ ನಮ್ಮ ವೋಟಿನಿಂದ ಮೇಲೆ ಬಂದ ಎನ್ನುವ ಹೆಮ್ಮೆ ಅದು.

ಆದರೆ ಜನ ಯಾಕೆ ನೋಡುತ್ತಾರೆ ಎನ್ನುವುದಕ್ಕೆ ನನಗೆ ಉತ್ತರ ಸಿಗುವುದು ಯಕ್ಷಗಾನದ್ದೇ ಇನ್ನೊಂದು ರೂಪವಾದ ತಾಳಮದ್ದಳೆಯಲ್ಲಿ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಪಾತ್ರವೇ ಆಗಿ ಕೂತಲ್ಲೇ ಅದರ ಅರ್ಥವನ್ನು ಮಾತಾಡುತ್ತಾನೆ. ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ನಿದ್ದೆಗೆಟ್ಟು ಕೂರುತ್ತೇವೆ, ಅಲ್ವಾ? ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಇವತ್ತು ಹೇಗೆ ಕೇಳುತ್ತಾನೆ, ರಾಮ ಎಲ್ಲಿ ತಡವರಿಸುತ್ತಾನೆ, ಯಾರಿಗೂ ಗೊತ್ತಿಲ್ಲ. ಆ ಇಬ್ಬರಿಗೂ ಗೊತ್ತಿಲ್ಲ.

ರಿಯಾಲಿಟಿ ಶೋನಲ್ಲೂ ನಾವು ಕಾಯುವುದು ಆ ತಡವರಿಕೆಗೇ. ಟಾಸ್ಕ್ ಮೊದಲೇ ಬರೆದಿಟ್ಟದ್ದು. ಯಾರ ಜೊತೆ ಯಾರನ್ನು ಕೂಡಿಹಾಕಿದರೆ ಕಿಡಿ ಹಾರುತ್ತದೆ ಅಂತ ಲೆಕ್ಕ ಹಾಕಿಯೇ ಆರಿಸಿರುತ್ತಾರೆ. ಕೈಯಲ್ಲಿ ಫೋನ್ ಇಲ್ಲ, ಗೋಡೆಯಲ್ಲಿ ಗಡಿಯಾರ ಇಲ್ಲ, ಮನೆಯವರ ಸುದ್ದಿ ಇಲ್ಲ. ಅಂಥಲ್ಲಿ ಉಕ್ಕಿ ಬರುವ ಸಿಟ್ಟು, ಅಳು ಸುಳ್ಳಾಗಬೇಕಿಲ್ಲ. ದೊಡ್ಡಮ್ಮ ಅತ್ತದ್ದು ಅದಕ್ಕೆ.

ಮೋಸಕ್ಕೆ ದಾರಿಯಾಗುವುದು ಆಮೇಲೆ. ತಾಳಮದ್ದಳೆಯಲ್ಲಿ ಆಡಿದ ಮಾತಿಗೆ ಎದುರಿನವ ಅಲ್ಲೇ ಉತ್ತರ ಕೊಡುತ್ತಾನೆ. ಸಭೆ ಎರಡನ್ನೂ ಪೂರ್ತಿ ಕೇಳಿರುತ್ತದೆ. ಟಿವಿಯಲ್ಲಿ ಇಡೀ ದಿನವನ್ನು ಸ್ವಲ್ಪ ಹೊತ್ತಿಗೆ ಇಳಿಸುತ್ತಾರೆ. ಒಂದು ಹೊತ್ತಿನ ಮುಖಕ್ಕೆ ಇನ್ನೊಂದು ಹೊತ್ತಿನ ಮಾತು ಅಂಟಿಸಲೂಬಹುದು. ತಾನು ಹೇಗೆ ಕಂಡೆ ಅಂತ ಸ್ಪರ್ಧಿಗೆ ಗೊತ್ತಾಗುವುದು ಹೊರಗೆ ಬಂದ ಮೇಲೆ. ಅಷ್ಟರಲ್ಲಿ ಊರೆಲ್ಲ ಅವನಿಗೆ ಒಂದು ಹೆಸರಿಟ್ಟಾಗಿರುತ್ತದೆ. ಇದು ಅನ್ಯಾಯ ಅಂತಲೇ ನನಗನಿಸುತ್ತದೆ.

ಅವತ್ತು ಶೋ ಮುಗಿದರೂ ದೊಡ್ಡಮ್ಮ ಅಡಿಕೆಯನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ‘ಅವ ಅಳೋಕಿಂತ ಮೊದ್ಲು ಯಾರು ಎಂತ ಹೇಳಿದ್ದು?’ ಎಂದು ಕೇಳಿದಳು. ಅದನ್ನು ತೋರಿಸಿರಲಿಲ್ಲ.